ಎರಡು ಕಿವಿಯ ಗಂಟು

ನಮ್ಮ ಮನಿಯೊಳಗ ತತ್ತಿ ಸೈತ ಬರತಿರಲಿಲ್ಲ. ತುಕ್ಕಾನಟ್ಟಿಯ ಲಿಂಗಾಯತರ ಮನಿ. ಮುಂದ ಕಬ್ಬಿನ ಹೊಲ, ಹಿಂದ ಬೆಲ್ಲದ ಗಾಣ. ಅಂಥಾ ಮನ್ಯಾಗ ಹುಟ್ಟಿದಾಕಿ ನಾನು ಹತ್ತಿರ ಹತ್ತಿರ ಒಂದು ವರ್ಷ ಮಾಂಸಾ ತೂಗೂ ಕೆಲಸಾ ಮಾಡಿದೆ ಅಂದ್ರ ಮಂದಿ ನಗತಾರ. ನಗಲಿ. ಮೊದಮೊದಲು ನಾನೂ ನಕ್ಕೇನಿ. ಆ ತಕ್ಕಡಿ ಈಗೂ ನನ್ನ ಟ್ರಂಕಿನ್ಯಾಗ ಐತಿ, ಬ್ಯಾಟರಿ ತಗದು ಇಟ್ಟೇನಿ.

ಆಗ ನಾ ಗೋಕಾಕದ ಒಂದು ಕಾಲೇಜಿನ್ಯಾಗ ಅತಿಥಿ ಉಪನ್ಯಾಸಕಿ. ಅತಿಥಿ ಅಂತಾರ ಖರೆ, ಕುಂಡ್ರಾಕ ಒಂದು ಖುರ್ಚಿ ಗತಿ ಇರಲಿಲ್ಲ. ಪಿಎಚ್‌ಡಿ ಮಾಡಬೇಕಂತ ಹುಚ್ಚು ಬ್ಯಾರೆ. ಅಷ್ಟ್ರಾಗ ದೂರದ ವಿದ್ಯಾಪೀಠದಿಂದ ಒಬ್ಬ ಹಿರೇ ಪ್ರೊಫೆಸರ್ ಬಂದ್ರು, ಸರ್ ಅಂತ ಕರಿಯೂಣು. ಅವರ ಜೋಡಿ ಇಪ್ಪತ್ತು ವರ್ಷ ಸಣ್ಣಾಕಿ ಒಬ್ಬ ಸಂಶೋಧಕಿ, ಮೇಡಂ. ಇಬ್ಬರೂ ಮಾನವಶಾಸ್ತ್ರದವರು. ಹುಕ್ಕೇರಿ ಕಡೆ ಹಿಡಕಲ್ ಡ್ಯಾಮಿನ ಹಿನ್ನೀರಿನ ದಂಡಿಗೆ, ಗುಡ್ಡದ ಓರಿಗೆ ಇರೂ ಒಂದು ಹಟ್ಟಿಯೊಳಗ ಅವರ ಕೆಲಸ. ಹಿಂದ ಬ್ಯಾಟಿ ಆಡಿ ಬದುಕಿದ ಬುಡಕಟ್ಟಿನ ಹಟ್ಟಿ ಅದು. ಅವರ ಹೆಸರು ನಾ ಬರಿಯೂದಿಲ್ಲ. ಎಲ್ಲೆ ಏನ ಕಳವಾದ್ರೂ ಮಂದಿ ಬಟ್ಟು ಮೊದಲು ಅವರ ಕಡೆನ ತೋರಿಸತೈತಿ, ಅದರಾಗ ನನ್ನದೊಂದು ಬಟ್ಟು ಬ್ಯಾಡ.

ಸರ್ ಮತ್ತ ಮೇಡಂ ಇಬ್ಬರದೂ ಒಂದ ಪ್ರಶ್ನೆ: ಈ ಜನ ಒಬ್ಬರನ್ನೊಬ್ಬರು ಯಾಕ ಕಡೀತಾರ? ಉತ್ತರ ಮಾತ್ರ ಇಬ್ಬರದೂ ಬ್ಯಾರೆ. ಸರ್ ಹೇಳೂದು, ಎಲ್ಲಾ ಹೊಟ್ಟಿದು. ಡ್ಯಾಮ್ ಬಂದು ಹಳೇ ಹಟ್ಟಿ ಮುಳುಗಿತು, ಬ್ಯಾಟಿ ಬಂದ್ ಆತು, ಮಾಂಸ ಕಡಿಮಿ ಬಿತ್ತು. ಪಾಲು ಸಣ್ಣದಾದ ತಿಂಗಳು ಕೈ ಏಳತೈತಿ. ಮೇಡಂ ಹೇಳೂದು, ಹೊಟ್ಟಿದಲ್ಲ, ಸೇಡಿಂದು. ಸತ್ತಾಂವಗ ಬದಲಿ ಒಬ್ಬನ ಜೀವಾ ಕೊಡಬೇಕು, ಅದು ಅವರ ರಕ್ತದಾಗ ಅಲ್ಲ, ನಡಾವಳಿಯೊಳಗ ಐತಿ ಅಂತ. ಯಾರು ಯಾರನ್ನ ಯಾವಾಗ ಕಡದ್ರು ಅಂತ ಅಕಿ ದೊಡ್ಡ ಹಾಳಿ ಮ್ಯಾಲ ಗೆರಿ ಎಳದಿದ್ದಳು. ಯಮಕನಮರಡಿಯ ಹೈವೇ ಬಾಜೂಕ ಒಂದು ಚಹಾದಂಗಡಿ, ಅಲ್ಲೆ ಕುಂತು ಜಗಳಾಡತಿದ್ರು. ಲಾರಿ ಸಪ್ಪಳಕ್ಕ ದನಿ ಏರಿಸಿ, ಹೆಣದ ಮಾತು, ರಕ್ತದ ಮಾತು. ಬಾಜೂ ಬಾಕಿನ ಮ್ಯಾಲ ಮಿರ್ಚಿ ತಿನ್ನೂ ಡ್ರೈವರ್‌ಗಳು ತಿರುಗಿ ತಿರುಗಿ ನೋಡತಿದ್ರು. ನಾ ನಡಬರಕ ಕುಂತು ಇಬ್ಬರ ಚಹಾನೂ ಆರೂದು ನೋಡತಿದ್ದೆ.

ಪಿಎಚ್‌ಡಿಗೆ ಕೈ ಹಿಡಿತೇನಿ ಅಂತ ಸರ್ ಹೇಳಿದ್ದಕ್ಕ ನಾ ಅವರ ಜೋಡಿ ಸೇರಿದ್ದೆ. ನನ್ನ ಕೆಲಸ ಎರಡು. ಹಟ್ಟಿ ಮಾತನ್ನ ಅವರಿಗೆ ತಿಳಿಸೂದು, ಮತ್ತ ತೂಗೂದು.

ಹಟ್ಟಿಯೊಳಗ ನಮಗ ಮೊದಲು ಬಾಗಿಲಾ ತಗದಾಂವ ತೆಪ್ಪದಾಗ ಮೀನ ಹಿಡಿಯೂ ಒಬ್ಬಾಂವ. ನಲವತ್ತರ ಆಸುಪಾಸು, ಎಲುಬಿನ ಮನಶ್ಯಾ, ಮಾತು ಕಡಿಮಿ, ಚೇಷ್ಟಿ ಜಾಸ್ತಿ. ನನಗ ಮೀನದ ವಾಸನಿ ಆಗೂದಿಲ್ಲ ಅಂತ ತಿಳದು ಬೇಕಂತನ ಬಲಿ ತಂದು ನನ್ನ ಮಗ್ಗಲಕ್ಕ ಝಾಡಿಸಾಂವ. ಅವನ ಹೇಂತಿ ಒಳಗಿಂದ ಬೈಯಾಕಿ, "ಪಾಪ ಅಕ್ಕಾರ ಮೂಗ ಮುಚ್ಕೊಂಡ ಸಾಯತಾರ ನೋಡ್ರಿ, ಆ ಕಡೆ ಒಯ್ರಿ ಅದನ್ನ." ನನಗ ಅವರಿಬ್ಬರ ಮ್ಯಾಲ ಖರೇನ ಪ್ರೀತಿ ಹುಟ್ಟಿತ್ತು. ಇದನ್ನ ಯಾಕ ಹೇಳತೇನಿ ಅಂದ್ರ, ಮುಂದ ನಾ ಮಾಡಿದ್ದು ಪ್ರೀತಿ ಇಲ್ಲದ ಮಾಡಿದ್ದಲ್ಲ.

ಇವನ ಅಣ್ಣ ಭಾಳ ವರ್ಷದ ಹಿಂದ ಅದ ಹಟ್ಟಿಯ ಒಬ್ಬ ಮುದುಕಿಯ ಹಿರೇ ಮಗನ್ನ ಕುಡಗೋಲಲೆ ಕಡದಿದ್ದ. ಜೈಲಿಗೆ ಹೋದಾಂವ ಅಲ್ಲೇ ಸತ್ತ. ಅವರ ನಡಾವಳಿಯೊಳಗ ಕಡದಾಂವ ಸತ್ರ ಆ ಋಣ ತಮ್ಮನ ಮ್ಯಾಲ ಬರತೈತಿ. ಮುದುಕಿಗೆ ಇನ್ನೊಬ್ಬ ಮಗ ಇದ್ದ, ಗಟ್ಟಿ ಆಳು, ಕಬ್ಬು ಕಡಿಯೂ ಗ್ಯಾಂಗಿನ್ಯಾಗ ದುಡಿಯಾಂವ. ಅಂವ ಯಾವತ್ತು ಮನಸ್ಸು ಮಾಡ್ಯಾನು ಅವತ್ತು ನಮ್ಮ ತೆಪ್ಪದಾಂವನ ಕತಿ ಮುಗೀತು. ಇದು ಹಟ್ಟಿಯೊಳಗ ಎಲ್ಲಾರಿಗೂ ಗೊತ್ತು, ಅವನಿಗೂ ಗೊತ್ತು.

ಆದ್ರ ಅದು ಆಗದಂಗ ಹಿರೇರು ಒಂದು ಕಟ್ಟು ಹಾಕಿದ್ರು. ಬ್ಯಾಟಿ ಇದ್ದ ಕಾಲದಾಗ ಬ್ಯಾಟಿ ಪಾಲು, ಈಗ ಬ್ಯಾಟಿ ಇಲ್ಲಲ್ಲ, ಅಮಾಸಿ ಮರುದಿನ ಮುಂಜಾನೆ ಎಲ್ಲಾರೂ ಕೂಡಿ ಒಂದು ಹೋತ ಕೊಯ್ದು ಪಾಲು ಹಾಕತಾರ. ತೆಪ್ಪದಾಂವ ತನ್ನ ಮನಿ ಪಾಲಿನ್ಯಾಗ ಅರ್ಧಾ ತಗೀಬೇಕು. ಅವನ ಹೇಂತಿ ಅದನ್ನ ಮುತ್ತಲ ಎಲಿಯೊಳಗ ಸುತ್ತಿ ನಾರಿನಿಂದ ಕಟ್ಟಬೇಕು. ಅಂವ ಒಯ್ದು ಹುಣಸಿ ಗಿಡದ ಬುಡಕಿನ ಚಪ್ಪಟ ಕಲ್ಲಿನ ಮ್ಯಾಲ ಇಟ್ಟು, ತಿರುಗಿ ನೋಡದ ಬರಬೇಕು. ಹೊತ್ತು ನೆತ್ತಿಗೆ ಬರೂದರೊಳಗ ಮುದುಕಿ ಬಂದು ಒಯ್ಯಬೇಕು. ಒಯ್ದಳು ಅಂದ್ರ ಮುಂದಿನ ಅಮಾಸಿತನಕಾ ಅವನ ಮ್ಯಾಲ ಕೈ ಎತ್ತಂಗಿಲ್ಲ. ಹಿಂಗ ತಿಂಗಳಾ ತಿಂಗಳಾ, ಎಷ್ಟೋ ವರ್ಷದಿಂದ ನಡದು ಬಂದಿತ್ತು. ಇಟ್ಟಾಂವನ ಕೈ, ಒಯ್ದಾಕಿ ಕೈ ಬಿಟ್ರ ನಡುವ ಮತ್ತೊಬ್ಬರ ಕೈ ಅದಕ್ಕ ಹತ್ತಬಾರದು.

ಮುದುಕಿ ಒಯ್ದ ದಿನ ಮಧ್ಯಾಹ್ನ ಅಂವ ಹಗುರಾಗಿ ಬಿಡತಿದ್ದ. ಬೀಡಿ ಹಚ್ಚಿ ನನ್ನ ಕಡೆ ನೋಡಿ ಅನ್ನಾಂವ, "ಈ ತಿಂಗಳಾ ನಂದ್ರಿ ಅಕ್ಕಾರ."

ಒಂದು ಸಲ ಸರ್ ಮತ್ತ ಮೇಡಂ ಅವನ ಕಟ್ಟಿ ಮ್ಯಾಲ ಕುಂತು ತಾಸುಗಟ್ಟಲೆ ವಾದಾ ಮಾಡಿ ಎದ್ದು ಹೋದ್ರು. ಏನ್ ಅಂದ್ರು ಅವರು ಅಂತ ಕೇಳಿದ. ನಾ ಸಂಕ್ಷೇಪದಾಗ ಹೇಳಿದೆ. ಅಂವ ಬಲಿ ಹೆಣಿಯೂದು ಬಿಡಲಿಲ್ಲ. "ನಾವು ಯಾಕ ಕಡದಾಡತೇವಿ ಅಂತ ಕೇಳಾಕ ಅಷ್ಟ ದೂರಿಂದ ಬಂದಾರ. ಇಷ್ಟ ವರ್ಷ ಯಾಕ ಕಡದಾಡಲಿಲ್ಲ ಅಂತ ಒಬ್ಬರೂ ಕೇಳವಲ್ರಲ್ರಿ," ಅಂದ. ನನಗ ಆ ಮಾತು ಚಲೋ ಅನ್ನಿಸಿತು. ನೋಟಬುಕ್ಕಿನ್ಯಾಗ ಬರಕೊಂಡೆ, ಮೂಲೆಯೊಳಗ, ಸಣ್ಣ ಅಕ್ಷರದಾಗ. ಸರ್‌ಗೆ ಕಳಿಸೂ ವರದಿಯೊಳಗ ಅದನ್ನ ಹಾಕಲಿಲ್ಲ, ಯಾಕಂದ್ರ ಅದಕ್ಕ ಕಾಲಂ ಇರಲಿಲ್ಲ.

ಈಗ ನನ್ನ ತಪ್ಪಿಗೆ ಬರತೇನಿ.

ಪಾಲು ಹಾಕೂ ಜಾಗಾದಾಗ ನಿಂತು, ಯಾವ ಮನಿಗೆ ಎಷ್ಟು ಹೋತು ಅಂತ ನಾ ಪ್ರತಿ ತಿಂಗಳಾ ತೂಗತಿದ್ದೆ. ಕಲ್ಲಿಗೆ ಹೋಗೂ ಪಾಲನ್ನೂ ಎಲಿ ಸುತ್ತೂಕಿಂತ ಮೊದಲ ತೂಗತಿದ್ದೆ. ಕೈಗೆ ರಬ್ಬರ್ ಗ್ಲೌಸು, ಮೂಗಿಗೆ ಸೆರಗು. ಹಟ್ಟಿ ಹೆಂಗಸರಿಗೆ ನಾ ಒಂದು ಆಟಾ. "ಇವರು ಲಿಂಗಾಯತರ ಖಾಟಿಕರು," ಅಂತ ನನ್ನ ಮಾಂಸಾ ಮಾರಾಕಿ ಮಾಡಿ ನಗತಿದ್ರು, ನಾನೂ ನಗತಿದ್ದೆ. ಅವತ್ತು ಯಮಕನಮರಡಿಯೊಳಗ ಬಸ್ಸು ಕೆಟ್ಟು ನಿಂತು ನಾ ಹಟ್ಟಿಗೆ ಮುಟ್ಟೂದ ತಡಾ ಆತು. ಹೋಗೂದರಾಗ ಪಾಲು ಹಾಕಿ ಮುಗಿದಿತ್ತು. ಮನಿ ಮನಿಗೆ ಹೋಗಿ, ಗಡಿಗಿ ಮುಚ್ಚಳಾ ತಗಸಿ, ಬೇಡಿಕೊಂಡು ಎಲ್ಲಾ ತೂಗಿದೆ. ಒಂದ ಉಳೀತು. ತೆಪ್ಪದಾಂವ ಆಗಲೇ ಕಲ್ಲಿನ ಮ್ಯಾಲ ಇಟ್ಟು ಬಂದು, ನೀರಿಗೆ ಇಳದಿದ್ದ.

ನಾ ಹುಣಸಿ ಗಿಡದ ಕಡೆ ಹೋದೆ. ಯಾರೂ ಇರಲಿಲ್ಲ. ಕಲ್ಲಿನ ಮ್ಯಾಲ ಪೊಟ್ಟಣ ಇತ್ತು, ಇರವಿ ಹತ್ತಾಕತ್ತಿದ್ವು. ಮತ್ತೊಬ್ಬರ ಕೈ ಹತ್ತಬಾರದು ಅನ್ನೂದು ನನಗ ಗೊತ್ತಿರಲಿಲ್ಲ ಅಂತಲ್ಲ. ಸರ್‌ಗೆ ಆ ಮಾತು ತಿಳಿಸಿ ಹೇಳಿದಾಕಿ ನಾನ. ಆದ್ರ ಅದನ್ನ ನಾ ನಮ್ಮನಿ ಮಡಿ ಅಂತ ತಿಳಕೊಂಡಿದ್ದೆ. ಜಾತಿ ಇಲ್ಲ, ಮೈಲಿಗಿ ಇಲ್ಲ ಅಂತ ನಮ್ಮ ಮನ್ಯಾಗ ದಿನಾ ಹೇಳತಿದ್ರು, ಆದ್ರೂ ನಮ್ಮ ಆಯಿ ಪೂಜಿ ತಂಬಿಗಿಯನ್ನ ಯಾರಿಗೂ ಮುಟ್ಟಗೊಡತಿರಲಿಲ್ಲ. ನಾವು ಹುಡುಗ್ಯಾರು ಅಕಿ ಕಣ್ಣು ತಪ್ಪಿಸಿ ಅರಿವಿ ಸುತ್ತಿಕೊಂಡು ಎತ್ತಿ ಇಡತಿದ್ವಿ, ಏನೂ ಆಗತಿರಲಿಲ್ಲ. ಇಲ್ಲೂ ಹಂಗ ಅಂತ ಅನ್ಕೊಂಡೆ. ಗ್ಲೌಸು ಹಾಕ್ಕೊಂಡೇನಿ, ನನ್ನ ಕೈ ಎಲ್ಲೆ ಹತ್ತತೈತಿ ಅಂತ.

ಗಂಟು ಬಿಚ್ಚಿದೆ, ಯಾಕಂದ್ರ ಎಲಿ ಬಿಟ್ಟು ಬರೇ ಮಾಂಸದ ತೂಕ ಬೇಕು ಅಂತ ಸರ್ ಕಟ್ಟುನಿಟ್ಟು. ತೂಗಿದೆ, ಬರಕೊಂಡೆ. ಅಷ್ಟೊತ್ತಿಗೆ ಇರವಿ ಸ್ವಲ್ಪ ಒಯ್ದಿರಬೇಕು, ಅವನ ಹೇಂತಿ ಕೈನೂ ಅವತ್ತು ಬಿಗಿ ಹಿಡಿದಿರಬೇಕು, ತೂಕ ಎಲ್ಲಾ ತಿಂಗಳಕ್ಕಿಂತ ಕಡಿಮಿ ಬಂತು. ಮತ್ತ ಎಲಿ ಸುತ್ತಿ ನಾರು ಕಟ್ಟಿದೆ. ಗಾಣದ ಮನಿಯೊಳಗ ಬೆಲ್ಲದ ಪೊಟ್ಟಣ ಕಟ್ಟೂದು ಸಣ್ಣಾಕಿ ಇದ್ದಾಗ ನನ್ನ ಕೆಲಸ. ಎರಡು ಕಿವಿ ಬಿಟ್ಟು ಕಟ್ಟಬೇಕು, ಗಿರಾಕಿ ಒಂದು ತುದಿ ಎಳದ್ರ ಬಿಚ್ಚಬೇಕು ಅಂತ ಅಪ್ಪ ಕಲಿಸಿದ್ದ. ಕೈ ತಾನ ಅದ ಗಂಟು ಹಾಕಿತು. ತೆಪ್ಪದಾಂವನ ಹೇಂತಿ ಹಾಕೂ ಗಂಟಿಗೆ ಕಿವಿ ಇರತಿರಲಿಲ್ಲ. ಮೂರು ಸುತ್ತು ಸುತ್ತಿ ತುದಿ ಒಳಗ ತುರುಕತಿದ್ದಳು. ಇದು ನನಗ ಆಮ್ಯಾಲ ನೆನಪಾತು. ಆಗ ನನ್ನ ಕಾಲಂ ತುಂಬಿತ್ತು, ನಾ ಖುಷಿಯಿಂದ ಇದ್ದೆ.

ಹೊತ್ತು ನೆತ್ತಿಗೆ ಬಂತು. ನಾ ಅವರ ಕಟ್ಟಿ ಮ್ಯಾಲ ಕುಂತು ಚುರುಮರಿ ತಿನ್ನಾಕತ್ತಿದ್ದೆ. ಹುಣಸಿ ಗಿಡದ ಕಡೆ ನಾಯಿ ಕಚ್ಚಾಡೂ ಸಪ್ಪಳಾ ಕೇಳಿತು. ಒಳಗ ರೊಟ್ಟಿ ಬಡಿಯೂ ಸಪ್ಪಳಾ ನಿಂತುಬಿಟ್ಟಿತು. ತೆಪ್ಪದಾಂವ ನೀರಿನಿಂದ ಎದ್ದು ಬಂದಾಂವ ಆ ಕಡೆ ನೋಡಿದ. ಒಳಗ ಹೋಗಿ ಮೀನ ಕಡಿಯೂ ಕತ್ತಿ ತಂದು ಹೊಸ್ತಲದ ಬಾಜೂಕ ಇಟ್ಟು ಕುಂತ. ನಾ ಏನಾತು ಅಂತ ಕೇಳಿದೆ. "ಒಯ್ಲಿಲ್ರಿ," ಅಂದ. "ಈ ತಿಂಗಳಾ ನಂದಲ್ಲ."

ನಾ ಅವನ ಹೇಂತಿಯನ್ನ ಹಗೂರಕ ಕೇಳಿದೆ, ಪೊಟ್ಟಣಕ್ಕ ಬ್ಯಾರೆದವರ ಕೈ ಹತ್ತಿದ್ರ ಏನಾಗತೈತಿ ಅಂತ. ಅಕಿ ನನ್ನ ಮುಖಾ ನೋಡದ ಹೇಳಿದಳು. "ಕೊಟ್ಟಾಂವ ವಾಪಸ್ ಇಸಗೊಂಡಂಗ. ಇನ್ನ ನಿನಗ ಕೊಡಾಂಗಿಲ್ಲ, ಬೇಕಾದ್ದ ಮಾಡ್ಕೊ ಅಂದಂಗ." ಮಡಿ ಅಲ್ಲ, ಮೈಲಿಗಿ ಅಲ್ಲ. ಅದು ಮಾತು. ಮುದುಕಿ ಬಂದು, ಗಂಟು ನೋಡಿ, ಆ ಮಾತು ತಿಳಕೊಂಡು ಹೋಗಿರಬೇಕು.

ಆಗಲೇ, ಅದ ಕಟ್ಟಿ ಮ್ಯಾಲ, ನಾ ಹೇಳಬೇಕಿತ್ತು. ಅವ್ವಾರ, ಅದು ನನ್ನ ಕೈ ಅಂತ. ಎರಡು ಮಾತಿನ ಕೆಲಸ. ಹೇಳಲಿಲ್ಲ. ನಾಚಿಕಿ ಆತು, ಅಂಜಿಕಿ ಆತು; ಹಟ್ಟಿಯಿಂದ ಹೊರಗ ಹಾಕತಾರ, ಸರ್ ನನ್ನ ಪಿಎಚ್‌ಡಿ ಕೈ ಬಿಡತಾರ ಅಂತ. ಬ್ಯಾಗ್ ಎತ್ತಿಕೊಂಡು ಯಮಕನಮರಡಿಗೆ ಓಡಿದೆ.

ಚಹಾದಂಗಡಿಯೊಳಗ ಇಬ್ಬರಿಗೂ ಎಲ್ಲಾ ಹೇಳಿದೆ. ಹೋಗಿ ಮುದುಕಿಗೆ ಹೇಳಿ ಬರ್ತೇನಿ ಅಂದೆ. ಸರ್ ತಲಿ ಅಲ್ಲಾಡಿಸಿದ್ರು. "ನಾವು ನೋಡಲು ಬಂದವರು, ನಡೆಸಲು ಬಂದವರಲ್ಲ. ನೀನು ಹೋಗಿ ಹೇಳಿದರೆ ಮುಂದೆ ಆಗುವುದೆಲ್ಲ ನಮ್ಮ ಕೈವಾಡ ಆಗುತ್ತದೆ," ಅಂದ್ರು. ಆಗಲೇ ನಮ್ಮ ಕೈ ಹೋಗೇತಲ್ರಿ ಸರ್ ಅಂದೆ. ಅವರು ನನ್ನ ನೋಟಬುಕ್ಕು ತಗೊಂಡು ಆ ತಿಂಗಳಾ ತೂಕದ ಮ್ಯಾಲ ಬಟ್ಟಿಟ್ಟು, "ಕಾರಣ ಇಲ್ಲಿದೆ ನೋಡು. ಪಾಲೇ ಕಡಿಮೆ. ಅದಕ್ಕೇ ಅವಳು ತಗೊಂಡಿಲ್ಲ," ಅಂದ್ರು. ಮೇಡಂ ಸಿಟ್ಟಾದಳು. ಅದು ಮುದುಕಿ ಮನಸಿನ್ಯಾಗ ಇಷ್ಟು ವರ್ಷ ಕುಂತ ಸೇಡು, ಇವತ್ತಲ್ಲ ನಾಳೆ ನೆಪಾ ಹುಡುಕೂದ, ಗಂಟು ಬರೇ ನೆಪಾ ಅಂತ ಅಕಿ ವಾದ. ನನ್ನ ಹೆಗಲ ಮ್ಯಾಲ ಕೈ ಇಟ್ಟು, "ನಿನ್ನ ತಪ್ಪಿಲ್ಲ," ಅಂದಳು. ಅದೊಂದು ಮಾತಿನೊಳಗ ಇಬ್ಬರೂ ಒಪ್ಪಿದ್ರು, ನನ್ನ ತಪ್ಪಿಲ್ಲ ಅಂತ. ಖರೆ ಹೇಳತೇನಿ, ನನಗ ಹಿತಾ ಅನ್ನಿಸಿತು. ಅವತ್ತು ನಾ ಇಡೀ ಒಂದು ಪ್ಲೇಟ ಗಿರಮಿಟ್ ತಿಂದೆ.

ಮರುದಿನ ಹಟ್ಟಿಗೆ ಹೋದೆ. ನಳಕ್ಕ ನೀರಿಗೆ ಬರೂ ಹೆಂಗಸರು ಎರಡು ಗುಂಪಾಗಿದ್ರು, ಒಂದು ಗುಂಪು ಹೋದ ಮ್ಯಾಲ ಇನ್ನೊಂದು ಬರತಿತ್ತು. ನನ್ನ ನೋಡಿ ಯಾರೂ ಖಾಟಿಕರು ಅನ್ನಲಿಲ್ಲ. ತೆಪ್ಪ ದಂಡಿಗೆ ಮಗಚಿ ಬಿದ್ದಿತ್ತು, ಅಂವ ನೀರಿಗೆ ಇಳದಿರಲಿಲ್ಲ. ಮೂರನೇ ದಿನಾನೂ ಹಂಗ. ಕತ್ತಿ ಹೊಸ್ತಲದಿಂದ ಅವನ ತೊಡಿ ಮ್ಯಾಲ ಬಂದಿತ್ತು, ಕೈಯೊಳಗ ಸಾಣಿಕಲ್ಲು. ಅವನ ಹೇಂತಿ ನನಗ ಚಹಾ ಕೊಟ್ಟಳು. "ಅವರು ಎರಡು ದಿನದಿಂದ ಮಲಗಿಲ್ರಿ," ಅಂದಳು. ನಾ ಆ ಚಹಾ ಕುಡದೆ. ನಾಳೆ ಹೇಳಿಬಿಡೂಣು ಅಂತ ಅನ್ಕೊಂಡು ಎದ್ದು ಬಂದೆ. ದೂರ ಹುಣಸಿ ಗಿಡದ ಬುಡಕ್ಕ ಮುದುಕಿ ಒಬ್ಬಾಕೇನ ಕುಂತಿದ್ದಳು, ಯಾರನ್ನೋ ಹಾದಿ ನೋಡಾಕತ್ತಾಳ ಅನ್ನಿಸಿತು. ಅಕಿ ಮುಂದ ಹಾಯ್ದ ಬಸ್‌ಸ್ಟ್ಯಾಂಡಿಗೆ ಹೋದೆ.

ನಾಲ್ಕನೇ ದಿನ ಮುಂಜಾನೆ ನಾ ಹುಕ್ಕೇರಿ ಬಸ್ಸಿನ್ಯಾಗ ಇದ್ದಾಗ ಮೇಡಂ ಫೋನು ಬಂತು. ಹೊಡದದ್ದು ಮುದುಕಿ ಮಗ ಅಲ್ಲ. ಅಂವ ತೆಪ್ಪದಾಂವನ ಮನಿ ಕಡೆ ನಡಕೋತ ಬಂದಿದ್ದ. ಬರೂದನ್ನ ನೋಡಿ, ಮೂರು ದಿನಾ ನಿದ್ದಿ ಇಲ್ಲದ ಕುಂತಿದ್ದ ನಮ್ಮ ತೆಪ್ಪದಾಂವ ಎದ್ದು ಎದುರು ಹೋದ, ಮೊದಲ ಏಟು ತಾನ ಹಾಕಿದ. ಎರಡನೇದು ಹಾಕೂ ಗರಜು ಬೀಳಲಿಲ್ಲ. ಮುದುಕಿಗೆ ಇದ್ದ ಇನ್ನೊಬ್ಬ ಮಗಾನೂ ಹೋದ. ಸತ್ತಾಂವನ ಕೈಯೊಳಗ ಹತಾರ ಏನೂ ಇರಲಿಲ್ಲ, ಒಂದು ತುಂಡು ನಾರು ಇತ್ತಂತ.

ತೆಪ್ಪದಾಂವ ಓಡಿ ಹೋಗಲಿಲ್ಲ. ಪೊಲೀಸ್ರು ಬರೂತನಕಾ ಕಟ್ಟಿ ಮ್ಯಾಲ ಕುಂತಿದ್ದನಂತ. ಅವನ ಹೇಂತಿ ಮಕ್ಕಳನ್ನ ಕರಕೊಂಡು ಮೂಡಲಗಿ ಬಾಜೂದ ತವರಿಗೆ ಹೋದಳು. ನಮ್ಮ ತುಕ್ಕಾನಟ್ಟಿ ಹಾದಿಯೊಳಗ ಆ ಊರು ಸಿಗತೈತಿ, ಅಲ್ಲೆ ಬಸ್ಸು ನಿಂತಾಗ ನಾ ಕಿಡಕಿಯಿಂದ ಮುಖಾ ತಿರುವಿ ಕುಂಡರತೇನಿ.

ಮುಂದ ಗೋಕಾಕದೊಳಗ ಒಂದು ವಿಚಾರ ಸಂಕಿರಣ ಆತು. ಸರ್ ಪಡದಿ ಮ್ಯಾಲ ಒಂದು ಕೋಷ್ಟಕ ತೋರಿಸಿದ್ರು. ಹನ್ನೊಂದು ತಿಂಗಳಾ ತೂಕ, ಹನ್ನೊಂದನೇದು ಎಲ್ಲಾಕಿಂತ ಸಣ್ಣದು, ಅದರ ಮಗ್ಗಲಕ್ಕ ಕೆಂಪು ಬಾಣ. ಪಾಲು ಸಣ್ಣದಾದ ತಿಂಗಳಾ ಕೊಲಿ ಆತು ನೋಡ್ರಿ ಅಂತ. ಆಮ್ಯಾಲ ಮೇಡಂ ಎದ್ದು ತನ್ನ ಗೆರಿ ಹಾಳಿ ತೋರಿಸಿದಳು, ಅದರಾಗ ಹೊಸಾ ಗೆರಿ ಒಂದು ಬಂದಿತ್ತು. ಹಿಂದಿನ ಸಾಲಿನಿಂದ ಒಬ್ಬಾಂವ ಎದ್ದು, ಇಬ್ಬರೂ ತಪ್ಪು, ಇದು ಡ್ಯಾಮಿಂದ ಆದದ್ದು, ಹೊರಗಿನವರು ಅವರ ನೆಲಾ ಕಸಗೊಂಡದ್ದಕ್ಕ ಆದದ್ದು ಅಂದ. ಚಪ್ಪಾಳಿ ಬಿದ್ದವು. ಮೂವರ ಮಾತಿನ್ಯಾಗೂ ಒಂದೊಂದು ಹನಿ ಖರೆ ಇತ್ತು, ಅದ ನನಗ ತಡಕೊಳ್ಳಾಕ ಆಗಲಿಲ್ಲ. ನಾ ನಡುವಿನ ಸಾಲಿನ್ಯಾಗ ಕುಂತಿದ್ದೆ, ಮೈಕು ನನ್ನ ಬಾಜೂದಿಂದ ದಾಟಿ ಹೋತು. ಎಲ್ಲಾರೂ ಊಟಕ್ಕ ಎದ್ರು, ಹೋಳಿಗಿ ಮಾಡಿಸಿದ್ರು. ನಾ ಬ್ಯಾಗ್ ತಗೊಂಡು ಹುಕ್ಕೇರಿ ಬಸ್ಸು ಹತ್ತಿದೆ.

ಮುದುಕಿ ಕಟ್ಟಿ ಮ್ಯಾಲ ಜೋಳಾ ಹಸನ ಮಾಡಾಕತ್ತಿದ್ದಳು. ನಾ ಕುಂಡ್ರಲಿಲ್ಲ, ನಿಂತ ಹೇಳಿದೆ. ಬಸ್ಸು ಕೆಟ್ಟದ್ದು, ತೂಕದ್ದು, ಗ್ಲೌಸಿಂದು, ಎಲ್ಲಾ. ಅಕಿ ಜೋಳಾ ಕೇರೂ ಮರಾ ಕೆಳಗಿಟ್ಟಳು. ಬೈತಾಳ ಅನ್ಕೊಂಡಿದ್ದೆ, ಬೈದಿದ್ರ ಬದುಕತಿದ್ದೆ. ಒಳಗ ಹೋಗಿ ಒಂದು ಮುತ್ತಲ ಎಲಿ, ಒಂದು ನಾರು ತಂದು ನನ್ನ ಕೈಯೊಳಗ ಇಟ್ಟಳು. "ಕಟ್ಟು," ಅಂದಳು.

ಎಲಿ ಸುತ್ತಿ ಕಟ್ಟಿದೆ. ಎರಡು ಕಿವಿ ಬಂದ್ವು. ಅಕಿ ಸೆರಗಿನ ತುದಿ ಬಿಚ್ಚಿ ಒಂದು ಒಣಗಿದ ನಾರು ತಗದಳು, ಸತ್ತ ಮಗನ ಕೈಯೊಳಗ ಇದ್ದದ್ದು. ಪಂಚನಾಮಿ ಬರಿಯೂಮುಂದ ಅದನ್ನ ಯಾರೂ ಎಣಿಸಿರಲಿಲ್ಲ. ಅದರ ಎರಡು ಕಿವಿ ಹಂಗ ಇದ್ವು. ಅದನ್ನ ನನ್ನ ಗಂಟಿನ ಮಗ್ಗಲಕ್ಕ ಹಿಡದು ಭಾಳೊತ್ತು ನೋಡಿದಳು.

"ನಾಯಿ ಬಿಟ್ಟ ಈ ನಾರು ಕೈಯಾಗ ಕೊಟ್ಟು ನಾನ ಕಳಿಸಿದ್ನಿ ಮಗನ್ನ," ಅಂದಳು. "ಇದು ತೆಪ್ಪದಾಂವನ ಹೇಂತಿ ಗಂಟಲ್ಲ, ಯಾರ ಕೈ ಅಂತ ಕೇಳ್ಕೊಂಡ ಬಾ ಅಂತ. ಸಿಟ್ಟ ಮಾಡಬ್ಯಾಡ, ಬರೇ ಕೇಳು ಅಂತ ಹೇಳಿದ್ನಿ." ಒಣ ನಾರನ್ನ ಮತ್ತ ಸೆರಗಿಗೆ ಕಟ್ಟಿಕೊಂಡಳು. "ಅದಕ್ಕೂ ಮೊದಲ ಮೂರು ದಿನಾ ಆ ಕಲ್ಲಿನ ಹತ್ತರ ಕುಂತಿದ್ನಿ, ಯಾರರ ಬಂದು ಹೇಳ್ಯಾರು ಅಂತ. ನೀ ಬಂದಿದ್ದರ ಒಯ್ತಿದ್ನಿ ಯವ್ವಾ. ಮತ್ತೊಂದು ಪಾಲು ತಾ ಅಂತಿದ್ನಿ, ಒಯ್ತಿದ್ನಿ."

ಅಕಿ ನಾ ಕಟ್ಟಿದ ಪೊಟ್ಟಣ ತೊಡಿ ಮ್ಯಾಲ ಇಟ್ಕೊಂಡು ನಾರಿನ ಒಂದು ತುದಿ ಎಳದಳು. ಬಿಚ್ಚಿಕೊಂತು. ಅದು ಹಂಗ ಬಿಚ್ಚೂ ಗಂಟ ಐತಿ.